ಬಾಗಿಲು ತೆರೆದಿದೆ, ಬನ್ನಿ ಎನ್ನುವವರು ಯಾರು?

ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಬಾಗಿಲಲ್ಲಿ ಈಗ ಯಾರ ಮೈಬಣ್ಣವನ್ನೂ ಕೇಳುವುದಿಲ್ಲ. ಕಾನೂನಿನ ಪ್ರಕಾರ ಕೇಳುವಂತೆಯೂ ಇಲ್ಲ. ಯೆಲ್ಲೊಸ್ಟೋನಿನ ಬಿಸಿನೀರಿನ ಬುಗ್ಗೆಗಳು, ಯೊಸೆಮಿಟಿಯ ಜಲಪಾತಗಳು, ಸಿಕ್ವೋಯದ ಮುಗಿಲು ಮುಟ್ಟುವ ಮರಗಳು ದೇಶದ ಎಲ್ಲರ ಆಸ್ತಿ ಎಂದೇ ಶಾಲೆಯ ಮಕ್ಕಳು ಓದುತ್ತಾರೆ. ಆದರೆ ಬಂದವರ ಲೆಕ್ಕ ಬೇರೆಯೇ ಮಾತು ಹೇಳುತ್ತದೆ. 2018ರಲ್ಲಿ ನಡೆದ ಸಮೀಕ್ಷೆಯೊಂದರ ಪ್ರಕಾರ ಈ ಉದ್ಯಾನಗಳಿಗೆ ಬರುವ ನೂರು ಜನರಲ್ಲಿ ಸುಮಾರು 77 ಮಂದಿ ಬಿಳಿಯರು. ಕಪ್ಪು ಜನ ಸುಮಾರು 6 ಮಂದಿ ಮಾತ್ರ. ದೇಶದ ಜನಸಂಖ್ಯೆಯಲ್ಲಿ ಅವರ ಪಾಲು ನೂರಕ್ಕೆ 13ರಷ್ಟಿದೆ.

ಬಾಗಿಲು ಹಾಕಿಲ್ಲ. ಬರಬೇಡಿ ಎಂದವರಿಲ್ಲ. ಆದರೂ ಬರುವುದಿಲ್ಲವೇಕೆ? ಇದಕ್ಕೆ ಬಹಳ ಸುಲಭವಾದ ಒಂದು ಉತ್ತರವಿದೆ: 'ಅವರಿಗೆ ಕಾಡು ಬೆಟ್ಟಗಳಲ್ಲಿ ಆಸಕ್ತಿಯಿಲ್ಲ.' ಯಾವುದೋ ಕೇರಿಯ ಮಕ್ಕಳ ಬಗ್ಗೆ 'ಅವರಿಗೆ ಓದಿನಲ್ಲಿ ಆಸಕ್ತಿಯಿಲ್ಲ' ಎಂದು ಹಿಂದಿನವರು ಹೇಳಿಬಿಡುತ್ತಿದ್ದರಲ್ಲ, ಅಂಥದೇ ಮಾತು ಇದು. ಹೇಳುವವರಿಗೆ ಹಗುರ, ಹೇಳಿಸಿಕೊಳ್ಳುವವರಿಗೆ ಭಾರ.

ಈ ಉತ್ತರವನ್ನು ಒಪ್ಪದವರಲ್ಲಿ ಶೆಲ್ಟನ್ ಜಾನ್ಸನ್ ಒಬ್ಬರು. ಕಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟ್‌ನ ಕಪ್ಪು ಕುಟುಂಬವೊಂದರಲ್ಲಿ ಹುಟ್ಟಿದವರು. ತಂದೆ ಸೈನ್ಯದಲ್ಲಿದ್ದುದರಿಂದ ಬಾಲ್ಯದ ಕೆಲವು ದಿನ ಜರ್ಮನಿಯಲ್ಲಿ ಕಳೆಯಿತು. ಆಗ ತಂದೆತಾಯಿ ಅವರನ್ನು ಆಲ್ಪ್ಸ್ ಪರ್ವತದ ಕಡೆಗೆ ಕರೆದುಕೊಂಡು ಹೋಗಿದ್ದರು. ಮುಗಿಲಿಗೆ ತಾಗಿದ ಆ ಬೆಟ್ಟಗಳು ಹುಡುಗನ ಮನಸ್ಸಿನಲ್ಲಿ ಉಳಿದುಬಿಟ್ಟವು. ಮುಂದೆ ಅವರು ಯೆಲ್ಲೊಸ್ಟೋನಿನಲ್ಲಿ ಕೆಲಸಕ್ಕೆ ಸೇರಿದರು, ಬಳಿಕ ಯೊಸೆಮಿಟಿಗೆ ಬಂದು ರೇಂಜರ್ ಆದರು. ಬಂದವರಿಗೆ ಸ್ಥಳದ ಕಥೆ ಹೇಳುವುದು ಅವರ ಕೆಲಸ. ಆದರೆ ಕಥೆ ಕೇಳಲು ಬಂದವರ ಗುಂಪಿನಲ್ಲಿ ತಮ್ಮಂಥ ಮುಖ ಕಾಣುವುದೇ ಅಪರೂಪವಾಗಿತ್ತು.

ಒಂದು ದಿನ ಉದ್ಯಾನದ ಗ್ರಂಥಾಲಯದಲ್ಲಿ ಅವರಿಗೆ ಹಳೆಯ ಛಾಯಾಚಿತ್ರವೊಂದು ಕಂಡಿತು. 1899ರಲ್ಲಿ ತೆಗೆದದ್ದು. ಯೊಸೆಮಿಟಿಯ ಹಾದಿಯಲ್ಲಿ ಕುದುರೆಗಳ ಮೇಲೆ ಕುಳಿತ ಸೈನಿಕರು. ಎಲ್ಲರೂ ಕಪ್ಪು ಜನ. ದೂರದ ಪರದೇಶದಲ್ಲಿ ನಡೆಯುತ್ತಿರುವಾಗ ಸ್ವಂತ ಬಂಧುಗಳೇ ಎದುರಾದಂತೆ ಆಯಿತು ಎಂಬರ್ಥದ ಮಾತನ್ನು ಜಾನ್ಸನ್ ಮುಂದೆ ಹೇಳಿಕೊಂಡಿದ್ದಾರೆ.

ಆ ಚಿತ್ರದ ಹಿಂದೆ ದೊಡ್ಡ ಕಥೆಯೇ ಇತ್ತು. ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಇಲಾಖೆ ಹುಟ್ಟಿದ್ದು 1916ರಲ್ಲಿ. ಅದಕ್ಕಿಂತ ಮೊದಲು ಈ ಕಾಡುಗಳ ಕಾವಲು ಸೈನ್ಯದ ಹೊಣೆಯಾಗಿತ್ತು. ಆಗ ಅಮೆರಿಕದ ಸೈನ್ಯದಲ್ಲಿ ಕಪ್ಪು ಜನರಿಗೇ ಪ್ರತ್ಯೇಕ ತುಕಡಿಗಳಿದ್ದವು. ಅವರಿಗೆ 'ಬಫೆಲೊ ಸೋಲ್ಜರ್ಸ್' ಎಂದು ಹೆಸರು. ಇವರಲ್ಲಿ ಸುಮಾರು 500 ಮಂದಿ 1899, 1903 ಮತ್ತು 1904ರಲ್ಲಿ ಯೊಸೆಮಿಟಿ ಹಾಗೂ ಪಕ್ಕದ ಸಿಕ್ವೋಯದಲ್ಲಿ ಕಾವಲಿದ್ದರು. ಮರಗಳ್ಳರನ್ನು ಹಿಡಿದರು, ಕದ್ದು ಬೇಟೆಯಾಡುವವರನ್ನು ಓಡಿಸಿದರು, ಕಾಡ್ಗಿಚ್ಚು ಆರಿಸಿದರು, ಹಾದಿ ಕಡಿದರು. ರೇಂಜರ್‌ಗಳು ಇಂದು ತೊಡುವ ಅಗಲ ಅಂಚಿನ ಟೋಪಿಯ ಮೂಲವೂ ಆ ಕಾಲದ ಸೈನಿಕರ ಟೋಪಿಯೇ ಎನ್ನುತ್ತಾರೆ.

1903ರಲ್ಲಿ ಸಿಕ್ವೋಯ ಉದ್ಯಾನದ ಹಂಗಾಮಿ ಮುಖ್ಯಸ್ಥನಾಗಿ ಬಂದವನು ಕ್ಯಾಪ್ಟನ್ ಚಾರ್ಲ್ಸ್ ಯಂಗ್. 1864ರಲ್ಲಿ ಕೆಂಟಕಿಯಲ್ಲಿ ಗುಲಾಮ ದಂಪತಿಗಳ ಮಗನಾಗಿ ಹುಟ್ಟಿದವನು. 1889ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಕಾಲೇಜಿನಿಂದ ತೇರ್ಗಡೆಯಾದ ಮೂರನೆಯ ಕಪ್ಪು ವಿದ್ಯಾರ್ಥಿ. ಸ್ಯಾನ್ ಫ್ರಾನ್ಸಿಸ್ಕೋದಿಂದ 16 ದಿನ ಕುದುರೆಯ ಮೇಲೆ ಪ್ರಯಾಣ ಮಾಡಿ ತನ್ನವರೊಡನೆ ಸಿಕ್ವೋಯ ತಲಪಿದ. ದೊಡ್ಡ ಮರಗಳಿದ್ದ ಕಾಡಿಗೆ ಗಾಡಿ ಹೋಗುವ ರಸ್ತೆಯ ಕೆಲಸ ವರ್ಷಗಟ್ಟಲೆ ಕುಂಟುತ್ತಿತ್ತು. ಹಿಂದಿನ ಮೂರು ವರ್ಷಗಳಲ್ಲಿ ಆದಷ್ಟು ಕೆಲಸವನ್ನು ಯಂಗ್ ಮತ್ತು ಅವನ ಸೈನಿಕರು ಒಂದೇ ಬೇಸಿಗೆಯಲ್ಲಿ ಮುಗಿಸಿದರು. ಜನ ಗಾಡಿ ಕಟ್ಟಿಕೊಂಡು ಆ ಮರಗಳನ್ನು ನೋಡಲು ಬರುವಂತಾದದ್ದು ಅಂದಿನಿಂದ. ದೇಶದ ರಾಷ್ಟ್ರೀಯ ಉದ್ಯಾನವೊಂದನ್ನು ನಡೆಸಿದ ಮೊದಲ ಕಪ್ಪು ಅಧಿಕಾರಿ ಆತ.

ಹೀಗೆ ಹಾದಿ ಕಡಿದವರ ಮೊಮ್ಮಕ್ಕಳು ಆ ಹಾದಿಯಲ್ಲಿ ನಡೆಯಲಿಲ್ಲ. ಅದಕ್ಕೆ ಕಾರಣ ಆಸಕ್ತಿಯ ಕೊರತೆ ಎನ್ನುವವರು ವರ್ಜೀನಿಯಾದ ಶೆನಂಡೋವ ಉದ್ಯಾನದ ಚರಿತ್ರೆ ಓದಬೇಕು. ಅಲ್ಲಿ ಲೂಯಿಸ್ ಮೌಂಟನ್ ಎಂಬ ಜಾಗವನ್ನು 1939ರಲ್ಲಿ ಕಪ್ಪು ಜನರಿಗೆಂದೇ ಪ್ರತ್ಯೇಕವಾಗಿ ತೆರೆದರು. ಊಟದ ಜಾಗ, ತಂಗುವ ಮನೆ, ಡೇರೆ ಹಾಕುವ ಬಯಲು ಎಲ್ಲ ಬೇರೆ. ಅದು 'ನೀಗ್ರೋ' ಪ್ರದೇಶವೆಂದು ದಾರಿಯಲ್ಲೇ ಸರ್ಕಾರಿ ಬೋರ್ಡು. ಬೆಟ್ಟ ಒಂದೇ, ಗಾಳಿ ಒಂದೇ, ಎಲೆ ಹಾಕುವ ಪಂಕ್ತಿ ಮಾತ್ರ ಬೇರೆ. ಉದ್ಯಾನಗಳಲ್ಲಿ ಇಂಥ ಭೇದ ಕೂಡದೆಂದು 1945ರಲ್ಲಿ ನಿಯಮವಾಯಿತು. ಶೆನಂಡೋವದಲ್ಲಿ ಅದು ಪೂರ್ತಿ ಹೋದದ್ದು 1950ರಲ್ಲಿ.

ಉದ್ಯಾನದ ಒಳಗಿನ ಮಾತು ಹಾಗಿರಲಿ, ಅಲ್ಲಿಗೆ ತಲಪುವ ದಾರಿಯಾದರೂ ಸುಲಭವಿತ್ತೆ? ಯಾವ ಊರಿನಲ್ಲಿ ರಾತ್ರಿ ತಂಗಬಹುದು, ಯಾವ ಹೋಟೆಲಿನಲ್ಲಿ ಊಟ ಕೊಡುತ್ತಾರೆ, ಯಾವ ಬಂಕಿನಲ್ಲಿ ಪೆಟ್ರೋಲು ಹಾಕುತ್ತಾರೆ ಎಂದು ಮೊದಲೇ ತಿಳಿಯದೆ ಕಪ್ಪು ಕುಟುಂಬವೊಂದು ಕಾರು ಹತ್ತುವಂತಿರಲಿಲ್ಲ. ವಿಕ್ಟರ್ ಗ್ರೀನ್ ಎಂಬ ಅಂಚೆಯವನು ಇದಕ್ಕೆಂದೇ 1936ರಿಂದ 'ಗ್ರೀನ್ ಬುಕ್' ಎಂಬ ಕೈಪಿಡಿ ಪ್ರಕಟಿಸತೊಡಗಿದ. ಅದು 1960ರ ದಶಕದವರೆಗೂ ಬೇಕಾಯಿತು. ಕತ್ತಲಾಗುವ ಮೊದಲು ಊರು ಬಿಡಬೇಕಾದ, ಒಂಟಿ ರಸ್ತೆಗೆ ಹೆದರಬೇಕಾದ, ಗುಂಪು ಸೇರಿ ಮರಕ್ಕೆ ನೇಣು ಹಾಕಿದ ಸುದ್ದಿಗಳನ್ನು ಕೇಳಿ ಬೆಳೆದ ತಾಯಿ ತನ್ನ ಮಗನಿಗೆ, 'ಕಾಡಿನ ಕಡೆ ಹೋಗಬೇಡ ಕಂದ' ಎಂದರೆ ಅದು ಅಜ್ಞಾನವಲ್ಲ, ಅನುಭವ. 1964ರ ನಾಗರಿಕ ಹಕ್ಕುಗಳ ಕಾನೂನು ಹೋಟೆಲುಗಳ ಬೋರ್ಡುಗಳನ್ನು ತೆಗೆಸಿತು. ತಾಯಿಯ ಮಾತನ್ನು ತೆಗೆಸುವ ಶಕ್ತಿ ಯಾವ ಕಾನೂನಿಗಿದೆ? ಆಸ್ತಿಯಂತೆ ಭಯವೂ ಮಕ್ಕಳಿಗೆ ಬರುತ್ತದೆ, ಮೊಮ್ಮಕ್ಕಳಿಗೂ ಬರುತ್ತದೆ.

ಇದು ಬಣ್ಣದ ಮಾತಷ್ಟೇ ಅಲ್ಲ, ನೆನಪಿನ ಮಾತು ಎಂಬುದಕ್ಕೆ ಕರ್ನಾಟಕದವರೇ ಸಾಕ್ಷಿ. ಕ್ಯಾಲಿಫೋರ್ನಿಯಾದಲ್ಲಿ ಮಗನೋ ಮಗಳೋ ಕೆಲಸದಲ್ಲಿರುವ ತಂದೆತಾಯಿಯರಲ್ಲಿ ಯೊಸೆಮಿಟಿ ನೋಡಿ ಬಂದವರು ಸಾಕಷ್ಟಿದ್ದಾರೆ. ಅವರ ಮೈಬಣ್ಣವೂ ಬಿಳಿಯದಲ್ಲ. ಆದರೂ ಬೆಳಗ್ಗೆ ಎದ್ದು ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು, ಶಾಲು ಹೊದ್ದು, ಎಲ್ ಕ್ಯಾಪಿಟನ್ ಬಂಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವಾಗ ಆ ಕಾಡಿನ ಬಗ್ಗೆ ಅವರ ಅಜ್ಜಿ ಹೇಳಿದ ಕೆಟ್ಟ ಕಥೆ ಯಾವುದೂ ನೆನಪಿಗೆ ಬರುವುದಿಲ್ಲ. ಅಂಥ ಕಥೆ ಅವರ ಮನೆಯಲ್ಲಿ ಇಲ್ಲ. ಡೆಟ್ರಾಯಿಟ್‌ನ ಮನೆಯಲ್ಲಿ ಇದೆ. ವ್ಯತ್ಯಾಸ ಅಷ್ಟೇ.

ಅವರು ಕಾರಿನಲ್ಲಿ ಹೋದ ರಸ್ತೆಗಳಿಗೂ ಒಂದು ಕಥೆಯುಂಟು. ಯೊಸೆಮಿಟಿಯ ವಾವೋನ ಮತ್ತು ಟಿಯೋಗ ರಸ್ತೆಗಳನ್ನು 1870 ಮತ್ತು 80ರ ದಶಕಗಳಲ್ಲಿ ಮೊದಲು ಕಡಿದವರಲ್ಲಿ ಚೀನೀ ಕೂಲಿಗಳು ಬಹಳ ಮಂದಿ. ಅದಕ್ಕೂ ಹಿಂದೆ ಆ ಕಣಿವೆ ಅವಾನೀಚಿ ಎಂಬ ಮೂಲನಿವಾಸಿಗಳ ಮನೆಯಾಗಿತ್ತು. 1851ರಲ್ಲಿ ಸಶಸ್ತ್ರ ತುಕಡಿಯೊಂದು ನುಗ್ಗಿ ಅವರನ್ನು ಹೊರಗಟ್ಟಿತು. ಮತ್ತೆ ಬಂದು ನೆಲೆಸಿದವರ ಕಡೆಯ ಮನೆಗಳನ್ನು 1969ರಲ್ಲಿ ಕೆಡವಲಾಯಿತು. ಮನುಷ್ಯರ ಸುಳಿವಿಲ್ಲದ ಅಪ್ಪಟ ಕಾಡು ಎಂದು ನೋಡುಗರು ಮೆಚ್ಚುವ ಆ ನೆಲದಲ್ಲಿ ಎಷ್ಟೊಂದು ಮನುಷ್ಯರ ಹೆಜ್ಜೆ!

ದುಡಿದವರ ಹೆಸರು ಮರೆತುಹೋಗುವುದು ಹೇಗೆಂಬುದಕ್ಕೆ ಭೂಗೋಳಶಾಸ್ತ್ರಜ್ಞೆ ಕ್ಯಾರೊಲಿನ್ ಫಿನ್ನಿ ತಮ್ಮ ಮನೆಯ ಕಥೆಯನ್ನೇ ಹೇಳುತ್ತಾರೆ. ಅವರ ತಂದೆತಾಯಿ ನ್ಯೂಯಾರ್ಕ್ ಬಳಿಯ 12 ಎಕರೆಯ ಶ್ರೀಮಂತರ ಎಸ್ಟೇಟೊಂದನ್ನು ಸುಮಾರು 50 ವರ್ಷ ನೋಡಿಕೊಂಡರು. ಗಿಡ, ಹುಲ್ಲು, ಕೊಳ ಎಲ್ಲ ಅವರ ಕೈಯಲ್ಲೇ ಬೆಳೆದದ್ದು. ಎಸ್ಟೇಟು ಕೈಬದಲಾದ ಮೇಲೆ ಆ ನೆಲವನ್ನು ಶಾಶ್ವತವಾಗಿ ಸಂರಕ್ಷಿಸುವ ಏರ್ಪಾಡಾಯಿತು. ಹೊಸ ಮಾಲೀಕರ ಪರಿಸರ ಪ್ರೀತಿಯನ್ನು ಕೊಂಡಾಡುವ ಪತ್ರ ಬಂತು. ಅದರಲ್ಲಿ ಆ ಮುದಿ ದಂಪತಿಯ ಹೆಸರೇ ಇರಲಿಲ್ಲ.

ಮದುವೆ ಮನೆಗೆ ಹೋದಾಗ ಬಾಗಿಲು ತೆರೆದೇ ಇರುತ್ತದೆ. ಆದರೂ ಹೊಸಿಲಲ್ಲಿ ನಿಂತು 'ಬನ್ನಿ, ಬನ್ನಿ, ಊಟ ಮಾಡಿಕೊಂಡೇ ಹೋಗಬೇಕು' ಎನ್ನುವವರು ಯಾರೂ ಇಲ್ಲದಿದ್ದರೆ ಎಲೆ ಹಾಕಿದ್ದರೂ ಕೂರಲು ಮನಸ್ಸು ಬಾರದು. ಅದರಲ್ಲೂ ಹಿಂದೊಮ್ಮೆ ಅದೇ ಮನೆಯಿಂದ ಎಬ್ಬಿಸಿ ಕಳಿಸಿದ್ದರಂತೂ ಕೇಳುವುದೇ ಬೇಡ. ಜಾನ್ಸನ್ ಹಿಡಿದದ್ದು ಈ ಕರೆಯುವ ಕೆಲಸ. ಅಂದಿನ ಸೈನಿಕನ ಸಮವಸ್ತ್ರ ತೊಟ್ಟು ಏಕಪಾತ್ರಾಭಿನಯದಲ್ಲಿ ಅವನ ಕಥೆ ಹೇಳಿದರು. 2009ರಲ್ಲಿ ಅದನ್ನೇ ಕಾದಂಬರಿಯಾಗಿ ಬರೆದರು. ಟಿವಿಯ ಪ್ರಸಿದ್ಧ ನಿರೂಪಕಿ ಓಪ್ರಾ ವಿನ್‌ಫ್ರೆಗೆ ಪತ್ರ ಬರೆದು, ನೀವು ಬಂದರೆ ನಮ್ಮ ಜನ ಬರುತ್ತಾರೆ ಎಂದು ಕೇಳಿಕೊಂಡರು. 2010ರಲ್ಲಿ ಆಕೆ ಬಂದು ಯೊಸೆಮಿಟಿಯಲ್ಲಿ ಬಿಡಾರ ಹೂಡಿದ್ದನ್ನು ದೇಶವೆಲ್ಲ ನೋಡಿತು.

ಕರೆಯುವವರು ಇನ್ನೂ ಇದ್ದಾರೆ. ಓಕ್ಲೆಂಡಿನ ರೂ ಮ್ಯಾಪ್ 2009ರಲ್ಲಿ 'ಔಟ್‌ಡೋರ್ ಆಫ್ರೊ' ಸಂಸ್ಥೆ ಆರಂಭಿಸಿದರು. ಕಪ್ಪು ಕುಟುಂಬಗಳು ಒಟ್ಟಾಗಿ ಬೆಟ್ಟ ಹತ್ತಲು ಅದು ದಾರಿ ಮಾಡಿತು. ಒಂಟಿಯಾಗಿ ಹೆದರುವವರು ಗುಂಪಿನಲ್ಲಿ ಹೆದರುವುದಿಲ್ಲ. 2015ರಲ್ಲಿ ಸರ್ಕಾರವೂ ನಾಲ್ಕನೆಯ ತರಗತಿಯ ಮಕ್ಕಳಿಗೆ ಮನೆಯವರೊಡನೆ ಉಚಿತ ಪ್ರವೇಶ ಕೊಡುವ ಯೋಜನೆ ತಂದಿತು.

ಕರೆದರೆ ಏನಾಗುತ್ತದೆ ಎಂಬುದಕ್ಕೆ ರಾಬರ್ಟ್ ಸ್ಟ್ಯಾಂಟನ್ ಉದಾಹರಣೆ. ಟೆಕ್ಸಸ್‌ನ ಈ ಬಡ ಕಪ್ಪು ಹುಡುಗ 1962ರಲ್ಲಿ, ಇನ್ನೂ ಕಾಲೇಜಿನಲ್ಲಿದ್ದಾಗ, ಗ್ರ್ಯಾಂಡ್ ಟೀಟನ್ ಉದ್ಯಾನದಲ್ಲಿ ಬೇಸಿಗೆಯ ರೇಂಜರ್ ಕೆಲಸಕ್ಕೆ ಆಯ್ಕೆಯಾದ. ಸಮವಸ್ತ್ರಕ್ಕೂ ರೈಲಿನ ಟಿಕೆಟ್ಟಿಗೂ ಕೈಯಲ್ಲಿ ಹಣವಿರಲಿಲ್ಲ. 250 ಡಾಲರ್ ಸಾಲ ಮಾಡಿ ಹೊರಟ. 1997ರಲ್ಲಿ ಆತನೇ ಇಡೀ ಇಲಾಖೆಯ ನಿರ್ದೇಶಕನಾದ, ಆ ಹುದ್ದೆಗೇರಿದ ಮೊದಲ ಕಪ್ಪು ಮನುಷ್ಯ.

ಕ್ಯಾಪ್ಟನ್ ಯಂಗ್ ಕಥೆಯಲ್ಲಿ ಇನ್ನೊಂದು ಪ್ರಸಂಗ ಉಳಿದಿದೆ. 1903ರಲ್ಲಿ ರಸ್ತೆ ಮುಗಿದ ಸಂತೋಷಕ್ಕೆ ಊರಿನವರು ಒಂದು ದೈತ್ಯ ಮರಕ್ಕೆ ಅವನ ಹೆಸರಿಡಲು ಬಂದರು. ಯಂಗ್ ಬೇಡವೆಂದ. ಗುಲಾಮಗಿರಿಯಿಂದ ಬಂದು ಶಿಕ್ಷಣಕ್ಕಾಗಿ ದುಡಿದ ಬೂಕರ್ ಟಿ. ವಾಷಿಂಗ್ಟನ್ ಹೆಸರಿಡಿ ಎಂದ. ಇಪ್ಪತ್ತು ವರ್ಷವಾದ ಮೇಲೂ ನಿಮಗೆ ಹೀಗೆಯೇ ಅನ್ನಿಸಿದರೆ ಆಗ ನನ್ನ ಹೆಸರು ನೋಡೋಣ ಎಂದ. 1922ರಲ್ಲಿ ಅವನು ತೀರಿಕೊಂಡ. ಇಪ್ಪತ್ತು ವರ್ಷ ಕಳೆಯಿತು, ಐವತ್ತೂ ಕಳೆಯಿತು, ಯಾರಿಗೂ ನೆನಪಾಗಲಿಲ್ಲ. ಕೊನೆಗೆ 2004ರಲ್ಲಿ, ನೂರೊಂದು ವರ್ಷಗಳ ಮೇಲೆ, ಸಿಕ್ವೋಯದ ಮರವೊಂದಕ್ಕೆ ಅವನ ಹೆಸರು ಬಂತು.

ಸಾವಿರಾರು ವರ್ಷ ಬಾಳುವ ಮರಕ್ಕೆ ನೂರು ವರ್ಷ ದೊಡ್ಡದಲ್ಲ. ಆದರೆ ಆ ನೂರು ವರ್ಷದಲ್ಲಿ 'ಇದು ನಮ್ಮ ಜಾಗವಲ್ಲ' ಎಂದುಕೊಂಡು ಬೆಳೆದ ಮಕ್ಕಳು ಎಷ್ಟು ತಲೆಮಾರು! ಈ ರಸ್ತೆ ನಿಮ್ಮವನೊಬ್ಬ ಮಾಡಿಸಿದ್ದು ಎಂದು ಅವರಲ್ಲಿ ಒಬ್ಬರಿಗಾದರೂ ಶಾಲೆಯಲ್ಲಿ ಯಾರಾದರೂ ಹೇಳಿದ್ದರೆ, ಮನೆಗೆ ಓಡಿ ಬಂದು ಅಪ್ಪನ ಕೈ ಹಿಡಿದು ಹೊರಡೋಣ ಎನ್ನುತ್ತಿದ್ದರೋ ಏನೋ.