ಅಜ್ಜಿ ಎದ್ದು ನಿಂತು ಹಾಡಿದ್ದು

ಎಸ್ಟೋನಿಯಾದ ಜನಸಂಖ್ಯೆ ಹೆಚ್ಚೂಕಮ್ಮಿ 13 ಲಕ್ಷ. ನಮ್ಮ ಬೆಂಗಳೂರಿನ ಹತ್ತರಲ್ಲೊಂದು ಪಾಲು ಅಂದ್ಕೊಳ್ಳಿ. ಅದರಲ್ಲಿ 30 ಸಾವಿರದಷ್ಟು ಜನ 2025ರ ಜುಲೈನಲ್ಲಿ ಹಾಡೋಕೆ ಅಂತಲೇ ತಾಲಿನ್‌ಗೆ ಬಂದಿದ್ರು! ಇದಕ್ಕೆ ಲೌಲುಪಿದು, ಅಂದ್ರೆ ಹಾಡಿನ ಹಬ್ಬ ಅಂತಾರೆ. 1869ರಲ್ಲಿ ತಾರ್ತು ಊರಲ್ಲಿ ಶುರುವಾದದ್ದು.

ಆಫೀಸಿನ ಗೆಳತಿ ಹಾಡೋಳು, ಅವಳೇ ಕರೆದಿದ್ದು. ನಾನು ಹುಲ್ಲಿನ ಇಳಿಜಾರಲ್ಲಿ ಅವಳ ಅಜ್ಜಿ ಪಕ್ಕ ಕೂತೆ. ಎದುರಿಗೆ ದೊಡ್ಡ ಕಮಾನು, ಅದರ ಕೆಳಗೆ ಬಣ್ಣಬಣ್ಣದ ಲಂಗಗಳ ಸಮುದ್ರ.

ಕೊನೆಗೆ 'ಮು ಇಸಮಾ ಒನ್ ಮಿನು ಆರ್ಮ್'. ಲಿಡಿಯಾ ಕೊಯ್ದುಲಾ ಕವಿತೆ, ಗುಸ್ತಾವ್ ಎರ್ನೆಸಾಕ್ಸ್ ರಾಗ. 1947ರ ಹಬ್ಬದಲ್ಲಿ ಹಾಡಿದ್ದನ್ನ ಆಮೇಲೆ ಸೋವಿಯತ್ ಆಡಳಿತ ಕೈಬಿಡಿಸಿತ್ತು. 1960ರಲ್ಲಿ ಪಟ್ಟಿಯಲ್ಲಿ ಇಲ್ಲದಿದ್ರೂ ಗಾಯಕರು ತಾವಾಗೇ ಹಾಡಿಬಿಟ್ರು. ಆ ಗುಂಪಲ್ಲಿ ಈ ಅಜ್ಜಿಯೂ ಇದ್ರಂತೆ.

"ಭಯ ಆಗ್ಲಿಲ್ವಾ ಅಜ್ಜಿ?" ಅಂದೆ. ಪಕ್ಕದಲ್ಲಿದ್ದ ಮೊಮ್ಮಗ ಅನುವಾದಿಸಿದ.

"ಎಲ್ಲರೂ ಹಾಡ್ತಿರುವಾಗ ಯಾರನ್ನ ಅಂತ ಹಿಡೀತಾರೆ?"

(ನಾವೋ, 2022ರಲ್ಲಿ ನಾಡಗೀತೆಗೆ ಎರಡೂವರೆ ನಿಮಿಷ ಅಂತ ಆದೇಶ ಹೊರಡಿಸಿದವರು :) )

ಹಾಡು ಶುರುವಾಯ್ತು. ಅಜ್ಜಿ ಕೋಲು ನನ್ನ ಕೈಗೆ ಕೊಟ್ಟು ಎದ್ದು ನಿಂತ್ರು. ಹಾಡು ಮುಗೀತು, ಜನ ಬಿಡ್ಲಿಲ್ಲ, ಮತ್ತೊಮ್ಮೆ ಹಾಡಿಸಿದ್ರು. ಅಷ್ಟು ಹೊತ್ತೂ ಕೋಲು ನನ್ನ ಹತ್ರಾನೇ ಇತ್ತು...