ಎಲೆ ಯಾರದು?

ಬಂಟ್ವಾಳ ತಾಲೂಕಿನ ನಮ್ಮೂರಲ್ಲಿ ಮಧ್ಯಾಹ್ನದ ಊಟ ಮುಗಿದರೆ ಹೆಂಗಸರೆಲ್ಲ ಮಡಿಲಲ್ಲಿ ಮೊರ ಇಟ್ಟುಕೊಂಡು ಜಗಲಿಯಲ್ಲಿ ಬೀಡಿ ಕಟ್ಟಲು ಕೂರುತ್ತಿದ್ದರು. ಅವರಲ್ಲಿ ನನ್ನ ಚಿಕ್ಕಮ್ಮನ ಕೈ ಎಲ್ಲರಿಗಿಂತ ಚುರುಕು. ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ತುದಿ ಮಡಚಿ ನೂಲು ಬಿಗಿಯುವಷ್ಟರಲ್ಲಿ ಅವಳ ಕಣ್ಣು ಅಂಗಳದ ಕೋಳಿಯ ಮೇಲಿರುತ್ತಿತ್ತು. ಅಂಥವಳು ಬೀಡಿ ಕಾರ್ಮಿಕಳೇ ಅಲ್ಲ ಎಂದು ತಿಳಿದದ್ದು ಒಂದು ಅರ್ಜಿಯಿಂದ.

ತೊಂಬತ್ತರ ದಶಕದ ಮಾತು. ಅವಳ ಮಗಳು ಹೈಸ್ಕೂಲು ಸೇರಿದ್ದಳು. ಬೀಡಿ ಕಾರ್ಮಿಕರ ಮಕ್ಕಳಿಗೆ ಕಲ್ಯಾಣ ನಿಧಿಯ ವಿದ್ಯಾರ್ಥಿವೇತನ ಉಂಟೆಂದು ಮಾಸ್ಟ್ರು ಅರ್ಜಿ ಕೊಟ್ಟಿದ್ದರು. ನಾನು ತುಂಬಿಸುತ್ತಾ ಹೋದೆ. ತಾಯಿಯ ಗುರುತಿನ ಚೀಟಿಯ ಸಂಖ್ಯೆ ಬರೆಯುವಲ್ಲಿಗೆ ಬಂದಾಗ ಚಿಕ್ಕಮ್ಮ ಮಾತಾಡಲಿಲ್ಲ. ಅವಳಲ್ಲಿ ಚೀಟಿಯೂ ಇಲ್ಲ, ಕಟ್ಟಿದ ಲೆಕ್ಕ ಬರೆಯುವ ಬೀಡಿ ಪುಸ್ತಕವೂ ಇಲ್ಲ.

"ಪುಸ್ತಕ ಕೇಳಲಿಲ್ಲವಾ ನೀನು?"

"ಕೇಳದೆ ಇರ್ತೇನಾ ಮಗಾ? ಬೇಕಾದರೆ ಹೀಗೇ ಕಟ್ಟು, ಇಲ್ಲದಿದ್ದರೆ ಎಲೆ ಇಲ್ಲ ಅಂತ ಹೇಳಿದರು."

ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಬ್ರಾಂಚಿನಲ್ಲಿ ಪುಸ್ತಕ ಇದ್ದವರ ಸಾಲು ಬೇರೆ, ಇಲ್ಲದವರದು ಬೇರೆ. ಇಲ್ಲದವರಿಗೆ ಸಾವಿರ ಬೀಡಿಯ ಮಜೂರಿಯೇ ಕಡಿಮೆ. ಪಿಎಫ್, ಗ್ರಾಚ್ಯುಟಿ, ಬೋನಸ್, ಸಂಬಳದ ರಜೆ ಯಾವುದೂ ಇಲ್ಲ. ಹೆಸರು ಬರೆಯದೆ ಬಿಟ್ಟರೆ ಅಷ್ಟೂ ಉಳಿತಾಯ. ತಪಾಸಣೆ ಇದೆಯೆಂದು ಗೊತ್ತಾದರೆ, ಪುಸ್ತಕ ಇಲ್ಲದವರು ನಾಳೆ ಬರಬೇಡಿ ಎಂದು ಹಿಂದಿನ ದಿನವೇ ಹೇಳಿ ಕಳಿಸುತ್ತಿದ್ದರು. ಹಾಗಾಗಿ ರಿಜಿಸ್ಟರು ಯಾವಾಗ ನೋಡಿದರೂ ಸರಿಯಾಗಿಯೇ ಇರುತ್ತಿತ್ತು.

ಯೂನಿಯನ್ನಿನ ಹಿರಿಯರೊಬ್ಬರು ನಮ್ಮನ್ನು ಕಾರ್ಮಿಕ ಅಧಿಕಾರಿಯ ಬಳಿಗೆ ಕರೆದುಕೊಂಡು ಹೋದರು. ಬ್ರಾಂಚು ನಡೆಸುವ ಗುತ್ತಿಗೆದಾರರನ್ನೂ ಅವರು ಕರೆಸಿದ್ದರು.

"ಇವರು ನಮ್ಮ ಕೆಲಸದವರಲ್ಲ ಸರ್. ಮನೆಯಲ್ಲಿ ಪುರುಸೊತ್ತಾದಾಗ ಕಟ್ಟಿ ತರ್ತಾರೆ, ನಾವು ತೆಗೆದುಕೊಳ್ಳುತ್ತೇವೆ."

"ಎಲೆ ಯಾರದು?"

"ನಮ್ಮದು."

"ಹೊಗೆಸೊಪ್ಪು?"

"ಅದೂ ನಮ್ಮದೇ."

"ಸರಿ ಇಲ್ಲದ ಬೀಡಿಯನ್ನು ಆರಿಸಿ ತೆಗೆಯುವವರು?"

ಗುತ್ತಿಗೆದಾರರು ತಡೆದು, "ನಾವೇ" ಎಂದರು.

"ಹಾಗಾದರೆ ಕೆಲಸ ಮಾಡಿಸುವವರೂ ನೀವೇ."

ಅಧಿಕಾರಿ ಬಾಯಿಗೆ ಬಂದದ್ದನ್ನು ಹೇಳಿದ್ದಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರೆಂದೇ ಕರೆಯಿತು. ಬೀಡಿ ಉದ್ಯಮದವರು ಅದನ್ನು ಪ್ರಶ್ನಿಸಿದಾಗ 1974ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ಕಟ್ಟುವವರಿಗೆ ಪಿಎಫ್ ಕೊಡಬೇಕೇ ಎಂಬ ಪ್ರಶ್ನೆ ಪಿ.ಎಂ. ಪಟೇಲ್ ಪ್ರಕರಣದಲ್ಲಿ ಬಂತು. ಬೀಡಿಯನ್ನು ತಿರಸ್ಕರಿಸುವ ಹಕ್ಕು ಮಾಲೀಕನಿಗಿರುವುದೇ ಮೇಲ್ವಿಚಾರಣೆಗೆ ಸಾಕ್ಷಿ ಎಂದು 1985ರಲ್ಲಿ ಅದೇ ಕೋರ್ಟು ಹೇಳಿತು. ಪ್ರತಿ ಸಲವೂ ಬೀಡಿ ಆರಿಸಿ ತೆಗೆದು ಚಿಕ್ಕಮ್ಮನ ಮಜೂರಿ ಕಡಿಯುತ್ತಿದ್ದರಲ್ಲ, ಅದೇ ಅವಳ ಪರವಾಗಿ ನಿಂತಿತು.

ಆದರೆ ಅವಳೇ ಕಟ್ಟಿದ್ದಾಳೆ ಎನ್ನುವುದಕ್ಕೆ ಸಾಕ್ಷಿ ಬೇಕಿತ್ತು. ಪುಸ್ತಕ ಇಲ್ಲದ ಉಳಿದ ಹೆಂಗಸರು ಬರಲಿಲ್ಲ. ಅವರನ್ನು ದೂರಲು ನನಗೆ ಮನಸ್ಸಿಲ್ಲ, ಎಲೆ ನಿಂತರೆ ಆ ವಾರದ ಅಕ್ಕಿ ನಿಂತ ಹಾಗೆ. ಬಂದದ್ದು ಪುಸ್ತಕ ಇದ್ದ ಪಕ್ಕದ ಮನೆಯ ಅಕ್ಕ. ಕಳೆದುಕೊಳ್ಳಲು ಎಲ್ಲರಿಗಿಂತ ಹೆಚ್ಚು ಇದ್ದದ್ದು ಅವಳಿಗೇ. "ನಾನು, ಅವಳು ಒಂದೇ ಜಗಲಿಯಲ್ಲಿ ಕೂತು ಕಟ್ಟುವುದು" ಎಂದು ಹೇಳಿ ಸಹಿ ಹಾಕಿದಳು. ಅಷ್ಟು ಧೈರ್ಯವನ್ನು ನಾನು ಮತ್ತೆ ಕಂಡದ್ದು ಅಪರೂಪ. ಅಧಿಕಾರಿ ಬ್ರಾಂಚಿನ ಎಲೆಯ ಲೆಕ್ಕ ತರಿಸಿದರು. ಹೋದ ಎಲೆಗೂ ಪುಸ್ತಕಗಳಲ್ಲಿದ್ದ ಬೀಡಿಗೂ ತಾಳೆಯಾಗಲಿಲ್ಲ. ಹೆಸರು ಮುಚ್ಚಿಟ್ಟ ದುಡಿಮೆಯನ್ನು ಹುಡುಕಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಹಾಜರಿ ಪುಸ್ತಕವನ್ನು ಎಷ್ಟು ತಿರುವಿದರೂ ಅದು ಸಿಗುವುದಿಲ್ಲ, ಸರಕಿನ ಲೆಕ್ಕದಲ್ಲಿ ಸಿಗುತ್ತದೆ.

ಚಿಕ್ಕಮ್ಮನಿಗೆ ಪುಸ್ತಕ ಬಂತು, ಆಮೇಲೆ ಗುರುತಿನ ಚೀಟಿಯೂ ಬಂತು. ಮಗಳಿಗೆ ಮುಂದಿನ ವರ್ಷ ವಿದ್ಯಾರ್ಥಿವೇತನ ಸಿಕ್ಕಿತು. ಪುಸ್ತಕ ಬರುವ ಮೊದಲು ಕಟ್ಟಿದ ವರ್ಷಗಳು ಮಾತ್ರ ಪಿಎಫ್ ಪಿಂಚಣಿಯ ಲೆಕ್ಕಕ್ಕೆ ಸೇರಲೇ ಇಲ್ಲ. ಆ ಪಿಂಚಣಿಗೆ ಹತ್ತು ವರ್ಷದ ಸೇವೆ ದಾಖಲಾಗಿರಬೇಕು. ಹೆಸರಿಲ್ಲದೆ ಎಷ್ಟು ವರ್ಷ ದುಡಿದರೂ ಅಲ್ಲಿ ಅದು ಸೊನ್ನೆ.

ನಿಮ್ಮ ಮನೆಯಲ್ಲಿ ಬೀಡಿ ಕಟ್ಟುವ ತಾಯಿಯೋ ಅತ್ತೆಯೋ ಇದ್ದರೆ ಈ ವಾರವೇ ಅವರ ಪುಸ್ತಕ ಕೇಳಿ ತೆರೆದು ನೋಡಿ. ಹೆಸರು ಅವರದೇ ಇದೆಯೇ, ಪಿಎಫ್ ಸಂಖ್ಯೆ ಇದೆಯೇ, ಕಟ್ಟಿದಷ್ಟೂ ಬರೆದಿದ್ದಾರೆಯೇ ನೋಡಿ. ಇಲ್ಲದಿದ್ದರೆ ಕಾರ್ಮಿಕ ಇಲಾಖೆಗೆ ಬರೆದು ಕೊಡಿ, ಮತ್ತು ಸಾಕ್ಷಿ ಹೇಳಲು ಅವರ ಜೊತೆ ನೀವೂ ಹೋಗಿ.