ಮನೆಯ ಗರಡಿ

ಕಳೆದ ಮಳೆಗಾಲದಲ್ಲಿ ನಮ್ಮ ತಾಯಿಯವರು ಕಾರವಾರದ ಮನೆಯ ಬಚ್ಚಲಲ್ಲಿ ಜಾರಿ ಬಿದ್ದರು. ದೈವಕೃಪೆಯಿಂದ ಎಲುಬು ಮುರಿಯಲಿಲ್ಲ. ಆದರೆ ಅವರನ್ನು ಎತ್ತಿ ಕೂಡ್ರಿಸುವದು ನನ್ನಿಂದಾಗಲಿಲ್ಲ. ನೆರೆಮನೆಯ ತರುಣನನ್ನು ಕೂಗಬೇಕಾಯಿತು. ನನ್ನನ್ನು ಎತ್ತಿ ಆಡಿಸಿದವಳನ್ನು ಎತ್ತಲಾರದ ತೋಳುಗಳಿಂದ ಏನು ಫಲವೆಂದು ಆ ರಾತ್ರಿಯೆಲ್ಲ ನಿದ್ರೆ ಬರಲಿಲ್ಲ.

ಮರುವಾರವೇ ದೊಡ್ಡದೊಂದು ವ್ಯಾಯಾಮ ಯಂತ್ರವನ್ನು ಕೊಂಡು ತಂದೆನು. ಕುಳಿತಲ್ಲಿಯೇ ಹಿಡಿಕೆಯನ್ನು ಎಳೆದರೆ ತಂತಿಯ ತುದಿಯ ಭಾರವು ಮೇಲೇಳುವದು. ಎರಡು ತಿಂಗಳಲ್ಲಿ ಕಡಲ ಉಪ್ಪುಗಾಳಿಯು ಅದಕ್ಕೆ ತುಕ್ಕು ಹಿಡಿಸಿತು; ಮನೆಯವರು ಅದರ ಮೇಲೆ ಒದ್ದೆ ಬಟ್ಟೆ ಹರವಿದರು. ಅಂಕೋಲೆಯಿಂದ ಬಂದ ಎಂಭತ್ತರ ಸೋದರಮಾವನವರು ಅದನ್ನು ಸುತ್ತಿ ನೋಡಿ, "ತಮ್ಮಾ, ನಮ್ಮ ಅಕ್ಕನನ್ನು ನೀನು ಕುಳಿತುಕೊಂಡೇ ಎತ್ತುವೆಯೇನು?" ಎಂದು ಕೇಳಿದರು. ನಾನು ನಿರುತ್ತರನಾದೆನು.

ವಾಚಕರೇ, ಸಂಸಾರದ ಕೆಲಸಗಳನ್ನು ನೆನೆಯಿರಿ. ಬಗ್ಗುವದು, ಎತ್ತುವದು, ಹೊರುವದು, ಎಳೆಯುವದು; ಎಲ್ಲವೂ ಕಾಲಮೇಲೆ ನಿಂತು ಮೈಯೆಲ್ಲ ಕೂಡಿ ಮಾಡತಕ್ಕವು. ನನ್ನ ಬಾಲ್ಯದಲ್ಲಿ ಕಾರವಾರದ ದಂಡೆಯ ಮೇಲೆ ಹತ್ತಾರು ಜನರು ಸಾಲಾಗಿ ರಂಪಣಿ ಬಲೆಯನ್ನು ಎಳೆಯುತ್ತಿದ್ದರು. ಅವರ ಕೈಗಳು ಹಗ್ಗವನ್ನು ಹಿಡಿಯುತ್ತಿದ್ದವು ಅಷ್ಟೆ. ಎಳೆಯುತ್ತಿದ್ದುದು ಕಾಲು ಮತ್ತು ಸೊಂಟ. ಅಂಕೋಲೆಯ ಪೇಟೆಗೆ ತಲೆಯ ಮೇಲೆ ಕಾಯಿಪಲ್ಯದ ಬುಟ್ಟಿ ಹೊತ್ತು ಬರುವ ಹಾಲಕ್ಕಿ ಹೆಂಗಸರ ನೆಟ್ಟನೆಯ ಬೆನ್ನೂ ಇದೇ ಪಾಠವನ್ನು ಹೇಳುವದು.

ಆದ್ದರಿಂದ ಯಂತ್ರವನ್ನು ಮಾರಿ, ಮೂರು ಪ್ರಶ್ನೆ ಕೇಳಿಕೊಂಡು ಹೊಸ ಸಲಕರಣೆಗಳನ್ನು ಆರಿಸಿದೆನು: ನಿಂತು ಬಳಸಬಹುದೇ? ಭಾರವನ್ನು ಸ್ವಲ್ಪಸ್ವಲ್ಪವಾಗಿ ಏರಿಸಬಹುದೇ? ನಮ್ಮ ಹವೆಯನ್ನು ತಾಳುವದೇ?

ಮೊದಲನೆಯದು ಮರಳಿನ ಚೀಲ. ಹತ್ತು ಲೀಟರಿನ ಬಕೆಟ್ಟಿನ ತುಂಬ ಒಣಮರಳು ಸುಮಾರು 16 ಕಿಲೋ ತೂಗುವದು. ನಾನು ಅರ್ಧದಿಂದ ಆರಂಭಿಸಿದೆನು. ಹಿಡಿಕೆಯಿಲ್ಲದ, ಒಳಗೊಳಗೇ ಸರಿದಾಡುವ ಆ ಭಾರವು ಮನುಷ್ಯದೇಹದ ಭಾರವನ್ನೇ ಹೋಲುವದು. ಎರಡನೆಯದು, ಹೆಗಲಿಗಾಗಿ ಬಡಿಗನಿಂದ ಮಾಡಿಸಿದ ಹಗುರಾದ ಮರದ ಲೋಡುಗಳ ಜೋಡಿ. ಗರಡಿಯ ಈ ಸಾಧನವನ್ನು ಆಂಗ್ಲರು 19ನೆಯ ಶತಮಾನದಲ್ಲಿ ತಮ್ಮ ದೇಶಕ್ಕೆ ಒಯ್ದರು; 1904 ಮತ್ತು 1932ರ ಒಲಿಂಪಿಕ್ ಕೂಟಗಳಲ್ಲಿ ಅದನ್ನು ತಿರುಗಿಸುವ ಸ್ಪರ್ಧೆಯೂ ನಡೆಯಿತು. ಮೂರನೆಯದು, ಜಗಲಿಯ ಗಟ್ಟಿ ಕಂಬಕ್ಕೆ ಕಟ್ಟಿದ ದಪ್ಪ ಹಗ್ಗ. ಅದನ್ನು ಹಿಡಿದು ಹಿಂದಕ್ಕೆ ವಾಲಿ ಬಸ್ಕಿ ತೆಗೆದರೆ ಮಂಡಿಗೆ ಆಧಾರವಾಗುವದು. ಮೂರೂ ಮಂಚದ ಕೆಳಗೂ ಕಂಬದಲ್ಲಿಯೂ ಅಡಗಿವೆ.

ಈ ಆಷಾಢದಲ್ಲಿ ತಾಯಿಯವರು ಜಗಲಿಯಲ್ಲಿ ಕುಳಿತು ಮಳೆ ನೋಡಬೇಕೆಂದರು. ಮಂಡಿ ಬಗ್ಗಿಸಿ, ಅವರನ್ನು ಎದೆಗೆ ಒತ್ತಿ ಹಿಡಿದು ಎದ್ದೆನು. "ಭಾರವಾದೆನೇನೋ ಮಗಾ?" ಎಂದರು. ಇಲ್ಲವೆಂದೆನು. ಆ ಮಾತಿನಲ್ಲಿ ಸುಳ್ಳಿರಲಿಲ್ಲ.